ಒಟ್ಟಿಗೆ ಬಂದ ಎರಡು ನಾಯಿಮರಿಗಳಿಗೆ ಉಚ್ಚೆ ಕಕ್ಕಕ್ಕೆ ಹೊರಗೆ ಹೋಗುವುದನ್ನು ಕಲಿಸುವುದು ಹೇಗೆ

ಬೀದಿಯಲ್ಲಿ ಹುಟ್ಟಿದ ನಾಯಿಮರಿಗಳನ್ನು ಸಾಕಲು ಹೊರಟವರು ಎಷ್ಟೋ ಸಲ ಎರಡನ್ನು ತರುತ್ತಾರೆ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಮೋರಿ ಪಕ್ಕ ಬಿಟ್ಟು ಬರಲು ಮನಸ್ಸಾಗುವುದಿಲ್ಲ ಅಲ್ವಾ. ನಾಲ್ಕೈದು ತಿಂಗಳ ಅಣ್ಣ ತಂಗಿ, ಬೆಲ್ಟ್ ಕಂಡಿಲ್ಲ, ಹೆಸರು ಗೊತ್ತಿಲ್ಲ, ಎಲ್ಲಿ ಬಂತೋ ಅಲ್ಲೇ ಉಚ್ಚೆ. ಇಂಥ ಎರಡನ್ನು ಇಟ್ಟುಕೊಂಡು ಸುಸ್ತಾಗಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಂಚ ಮತ್ತು ಚುಕ್ಕಿ ಎಂದು ಕರೆಯೋಣ, ಹೇಳಲು ಸುಲಭ.

ಎರಡಿದ್ದರೆ ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ ಅಂತ ಹೇಳುವವರು ತುಂಬಾ ಜನ. ಉಚ್ಚೆ ವಿಷಯದಲ್ಲಿ ಅವು ಕಲಿಯುವುದು ಉಲ್ಟಾ. ಕೆಂಚ ಸೋಫಾ ಪಕ್ಕ ಉಚ್ಚೆ ಮಾಡುತ್ತಾನೆ, ಚುಕ್ಕಿ ಬಂದು ಮೂಸುತ್ತಾಳೆ, ಅವಳೂ ಅಲ್ಲೇ ಕೂರುತ್ತಾಳೆ. ನೀವು ಬಂದು ನೋಡುವ ಹೊತ್ತಿಗೆ ಯಾರದ್ದು ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ಕೆಲಸ, ಇಬ್ಬರನ್ನೂ ಬೇರೆ ಬೇರೆ ಮಾಡುವುದು. ಮಲಗುವುದು ಬೇರೆ, ತಿನ್ನುವುದು ಬೇರೆ, ಹೊರಗೆ ಹೋಗುವುದು ಬೇರೆ. ಆಟ ಮಾತ್ರ ಒಟ್ಟಿಗೆ. ಮನೆಯವರೆಲ್ಲ ಇದಕ್ಕೆ ಒಪ್ಪದೇ ಇದ್ದರೆ ಮುಂದಿನದು ಯಾವುದೂ ಕೆಲಸ ಮಾಡುವುದಿಲ್ಲ.

ಇಡೀ ಮನೆಯನ್ನು ಬಿಟ್ಟುಕೊಡಬೇಡಿ. ಒಬ್ಬನಿಗೆ ಅಡುಗೆಮನೆ ಪಕ್ಕದ ಯುಟಿಲಿಟಿ ಜಾಗ, ಇನ್ನೊಬ್ಬಳಿಗೆ ಹಾಲಿನ ಒಂದು ಮೂಲೆ ಸಾಕು. ಮಕ್ಕಳಿಗೆ ಮೆಟ್ಟಿಲ ಬಳಿ ಹಾಕುವ ಗೇಟ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕ್ರೇಟ್, ಅಂದರೆ ನಾಯಿ ಮಲಗುವ ಬಾಗಿಲಿರುವ ಗೂಡು, ತರುವುದಾದರೆ ಎರಡು ತನ್ನಿ, ಒಳಗೆ ಎದ್ದು ನಿಂತು ತಿರುಗಿ ಕಾಲು ಚಾಚಿ ಮಲಗುವಷ್ಟು ಜಾಗ ಇರಲಿ, ಅದಕ್ಕಿಂತ ತೀರಾ ದೊಡ್ಡದು ಬೇಡ. ನಾಯಿಗೆ ತಾನು ಮಲಗುವ ಜಾಗವನ್ನು ಕೊಳೆ ಮಾಡುವುದು ಇಷ್ಟವಿರುವುದಿಲ್ಲ, ಆದರೆ ಜಾಗ ದೊಡ್ಡದಿದ್ದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಮಾಡುತ್ತದೆ. ಮೊದಲ ದಿನಗಳಲ್ಲಿ ಬಾಗಿಲು ತೆರೆದಿಟ್ಟು ಒಳಗೇ ಊಟ ಕೊಡಿ. ತಾನಾಗಿ ಹೋಗಿ ಮಲಗಲು ಶುರು ಮಾಡಿದ ಮೇಲೆ ಬಾಗಿಲು ಹಾಕಿ. ಇಡೀ ದಿನ ಕೂಡಿಹಾಕುವುದು, ಗೇಟಿಗೆ ಚೈನ್ ಹಾಕಿ ಕಟ್ಟಿಬಿಡುವುದು, ಇವೆರಡೂ ಬೇಡವೇ ಬೇಡ. ಅದರಿಂದ ಬೊಗಳುವುದು ಜಾಸ್ತಿಯಾಗುತ್ತದೆ, ಕಲಿಯುವುದು ಏನೂ ಇಲ್ಲ.

ಕ್ರೇಟಿನ ಹೊರಗಿರುವಾಗ ಮರಿ ನಿಮ್ಮ ಕಣ್ಣೆದುರೇ ಇರಬೇಕು. ಹಗುರವಾದ ಹಗ್ಗವನ್ನು ಬೆಲ್ಟಿಗೆ ಕಟ್ಟಿ ಇನ್ನೊಂದು ತುದಿಯನ್ನು ನಿಮ್ಮ ಕುರ್ಚಿಗೋ ಸೊಂಟಕ್ಕೋ ಕಟ್ಟಿಕೊಂಡರೆ ಅದು ಕದ್ದು ಬೆಡ್‌ರೂಮಿಗೆ ಹೋಗಲಾರದು. ಒಂದು ಸಲಕ್ಕೆ ಒಬ್ಬ. ಇನ್ನೊಬ್ಬ ಅಷ್ಟು ಹೊತ್ತು ತನ್ನ ಜಾಗದಲ್ಲಿ ನಿದ್ದೆ ಮಾಡಲಿ. ಈ ವಯಸ್ಸಿನ ಮರಿಗಳು ದಿನದ ಮುಕ್ಕಾಲು ಪಾಲು ನಿದ್ದೆ ಮಾಡುವಂಥವು, ಅಯ್ಯೋ ಪಾಪ ಅನ್ನಬೇಕಿಲ್ಲ.

ಈಗ ಹೊತ್ತಿನ ಲೆಕ್ಕ. ಮರಿಗೆ ಎಷ್ಟು ತಿಂಗಳೋ ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಅಂತ ಒಂದು ಅಂದಾಜಿದೆ. ಅದು ಗರಿಷ್ಠ, ಅದೂ ಮಲಗಿರುವಾಗ. ಎಚ್ಚರವಿದ್ದು ಓಡಾಡುವ ನಾಲ್ಕು ತಿಂಗಳ ಮರಿಯನ್ನು ಶುರುವಿನಲ್ಲಿ ಗಂಟೆ ಎರಡು ಗಂಟೆಗೊಮ್ಮೆ ಕರೆದುಕೊಂಡು ಹೋಗಬೇಕು. ಇದರ ಜೊತೆಗೆ ತಪ್ಪಿಸಲೇಬಾರದ ಹೊತ್ತುಗಳಿವೆ: ನಿದ್ದೆಯಿಂದ ಎದ್ದ ಕೂಡಲೇ, ತಿಂದ 10ರಿಂದ 30 ನಿಮಿಷದೊಳಗೆ, ಕುಣಿದಾಡಿ ಆಡಿದ ಮೇಲೆ, ರಾತ್ರಿ ಮಲಗುವ ಮುಂಚೆ. ಎದ್ದ ಕೂಡಲೇ ಅಂದರೆ ಕೂಡಲೇ. ಕಾಫಿ ಆಮೇಲೆ ಕುಡಿಯಬಹುದು. ರಾತ್ರಿ ಒಂದು ಸಲ ನೀವೂ ಏಳಬೇಕಾಗುತ್ತದೆ, ಆಗ ಮಾತು ಆಟ ಏನೂ ಬೇಡ, ಹೋಗಿ ಬಂದು ಮಲಗಿಸಿ.

ಹೊರಗೆ ಕರೆದುಕೊಂಡು ಹೋಗುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಗೇಟು ತೆಗೆದು ಇಬ್ಬರನ್ನೂ ಬಿಟ್ಟರೆ ಅವು ಆಡಿಕೊಂಡು ಬಂದು ಒಳಗೆ ಉಚ್ಚೆ ಮಾಡುತ್ತವೆ, ಯಾಕೆಂದರೆ ಹೊರಗೆ ಅದರ ನೆನಪೇ ಆಗಿರುವುದಿಲ್ಲ. ಬೆಲ್ಟ್ ಹಾಕಿ, ಒಬ್ಬನನ್ನೇ, ದಿನವೂ ಅದೇ ಜಾಗಕ್ಕೆ. ಮಣ್ಣು ಅಥವಾ ಹುಲ್ಲಿರುವ ಮೂಲೆಯಾದರೆ ಒಳ್ಳೆಯದು. ಸುಮ್ನೆ ಮರದ ಹಾಗೆ ನಿಂತುಬಿಡಿ. ಐದು ನಿಮಿಷ. ಅವನು ಮೂಸಿ, ಸುತ್ತಿ, ಉಚ್ಚೆಗೆ ಕೂರುವಾಗ ಮೆಲ್ಲಗೆ ಒಂದೇ ಮಾತು ಹೇಳಿ. ‘ಹೋಗು’, ‘ಸುಸ್ಸು’, ಏನಾದರೂ ಸರಿ, ಆದರೆ ಮನೆಯವರೆಲ್ಲ ಅದೇ ಹೇಳಬೇಕು. ಮುಗಿದ ಕ್ಷಣ ಅಲ್ಲೇ ಬಾಯಿಗೆ ತಿಂಡಿ. ಬೇಯಿಸಿದ ಕೋಳಿಯ ಚೂರು, ಮೊಟ್ಟೆ, ಪನೀರ್, ಕಡಲೆಕಾಳಿನಷ್ಟು ಗಾತ್ರ ಸಾಕು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಅದು ಮನೆಗೆ ಬಂದಿದ್ದಕ್ಕೆ ಸಿಕ್ಕಿದ ತಿಂಡಿ ಅಂತ ಅಂದುಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಉಚ್ಚೆ ಆದ ತಕ್ಷಣ ಒಳಗೆ ಎಳೆದುಕೊಂಡು ಬಂದರೆ, ಉಚ್ಚೆ ಮಾಡಿದರೆ ಸುತ್ತಾಟ ಮುಗಿಯಿತು ಅಂತ ನಾಯಿ ಲೆಕ್ಕ ಹಾಕುತ್ತದೆ. ಆಮೇಲೆ ಬೇಕೆಂದೇ ತಡೆದುಕೊಂಡು ಬೀದಿಯ ತುದಿತನಕ ನಿಮ್ಮನ್ನು ನಡೆಸುತ್ತದೆ. ಮೊದಲು ಉಚ್ಚೆ, ಆಮೇಲೆ ವಾಕಿಂಗ್. ಐದು ನಿಮಿಷದಲ್ಲಿ ಆಗದಿದ್ದರೆ ಒಳಗೆ ಕರೆತಂದು ಕ್ರೇಟಿನಲ್ಲೋ ಹಗ್ಗದಲ್ಲೋ ಇಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಹೋಗಿ. ಆ ಹದಿನೈದು ನಿಮಿಷವೇ ಅಪಾಯದ ಹೊತ್ತು, ಬಿಟ್ಟಿರೋ, ಸೋಫಾ ಹಿಂದೆ ಗ್ಯಾರಂಟಿ.

ಲಸಿಕೆ ಪೂರ್ತಿ ಆಗದ ಮರಿಗಳನ್ನು ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಇಳಿಸಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳನ್ನು ಕೆಲವೇ ದಿನದಲ್ಲಿ ಕೊಂಡೊಯ್ಯುತ್ತದೆ. ಅಲ್ಲಿಯ ತನಕ ಸ್ವಂತ ಕಾಂಪೌಂಡಿನ ಒಳಗೆ ಅಥವಾ ತಾರಸಿಯಲ್ಲಿ ಟ್ರೇ ಇಟ್ಟು ಅದರಲ್ಲಿ ಮಣ್ಣೋ ಬೇರು ಸಮೇತ ಕಿತ್ತ ಹುಲ್ಲಿನ ಹೆಂಟೆಯೋ ಹಾಕಿ ಕಲಿಸಿ. ಫ್ಲಾಟಿನಲ್ಲಿ ಇರುವವರಿಗೂ ಬಾಲ್ಕನಿಯಲ್ಲಿ ಇದೇ ದಾರಿ. ನ್ಯೂಸ್‌ಪೇಪರ್ ಹಾಸಿ ಕಲಿಸುವುದು ನನಗೆ ಇಷ್ಟವಿಲ್ಲ. ಆಮೇಲೆ ಟೀಪಾಯಿ ಕೆಳಗೆ ಬಿದ್ದ ಪೇಪರನ್ನೂ ಅವು ಬಿಡುವುದಿಲ್ಲ. ಮಲೆನಾಡು, ಕರಾವಳಿ ಕಡೆಯವರು ಮಳೆಗಾಲಕ್ಕೆ ಮೊದಲೇ ಸೂರಿನ ಕೆಳಗೆ ಒಂದು ಜಾಗ ಮಾಡಿಡಿ. ಜೂನ್‌ನಲ್ಲಿ ಮಳೆ ಹಿಡಿದರೆ ಎಷ್ಟೋ ನಾಯಿಗಳು ಜಗಲಿ ದಾಟುವುದೇ ಇಲ್ಲ, ಕಲಿತದ್ದೆಲ್ಲ ಒಂದು ವಾರದಲ್ಲಿ ಮರೆತುಹೋಗುತ್ತದೆ.

ಒಳಗೆ ಮಾಡುತ್ತಿರುವಾಗಲೇ ಸಿಕ್ಕಿಬಿದ್ದರೆ ಒಂದು ಚಪ್ಪಾಳೆ ತಟ್ಟಿ ತಡೆಯಿರಿ, ಹೊರಗೆ ಕರೆದುಕೊಂಡು ಹೋಗಿ, ಅಲ್ಲಿ ಮುಗಿಸಿದರೆ ತಿಂಡಿ ಕೊಡಿ. ಮಾಡಿ ಆಗಿದ್ದರೆ ಏನೂ ಅನ್ನಬೇಡಿ. ಮೂತಿ ಹಿಡಿದು ಉಚ್ಚೆಗೆ ತಿಕ್ಕುವುದು, ಚಪ್ಪಲಿಯಲ್ಲಿ ಹೊಡೆಯುವುದು ನಮ್ಮ ಕಡೆ ಈಗಲೂ ನಡೆಯುತ್ತದೆ, ದಯವಿಟ್ಟು ಮಾಡಬೇಡಿ. ಹೊಡೆತ ಯಾಕೆ ಬಿತ್ತು ಅಂತ ಮರಿಗೆ ತಿಳಿಯುವುದಿಲ್ಲ. ನಿಮ್ಮೆದುರು ಉಚ್ಚೆ ಮಾಡಿದರೆ ಅಪಾಯ ಅನ್ನುವುದು ಮಾತ್ರ ತಿಳಿಯುತ್ತದೆ. ಆಮೇಲೆ ಹೊರಗೆ ಕರೆದುಕೊಂಡು ಹೋದರೂ ನಿಮ್ಮೆದುರು ಮಾಡುವುದಿಲ್ಲ, ಮಂಚದ ಕೆಳಗೆ ಹೋಗಿ ಮಾಡುತ್ತದೆ. ಎರಡಿರುವ ಮನೆಯಲ್ಲಿ ಇನ್ನೂ ಅನ್ಯಾಯ, ಮಾಡಿದ್ದು ಕೆಂಚ, ಏಟು ಚುಕ್ಕಿಗೆ.

ನೆಲ ಒರೆಸುವುದಕ್ಕೆ ಫಿನಾಯಿಲ್ ಸಾಲದು. ಅದರ ಘಾಟು ನಮ್ಮ ಮೂಗಿಗೆ ಉಚ್ಚೆ ವಾಸನೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಅದು ಕೆಳಗೆ ಹಾಗೇ ಇರುತ್ತದೆ. ಮೇಲಾಗಿ ಫಿನಾಯಿಲ್ ಮೆತ್ತಿದ ಪಾದವನ್ನು ನೆಕ್ಕಿದರೆ ಮರಿಗೆ ಒಳ್ಳೆಯದಲ್ಲ. ಹಳೇ ಬಟ್ಟೆಯಿಂದ ಒತ್ತಿ ಹೀರಿಸಿ, ಸೋಪಿನ ನೀರಿನಲ್ಲಿ ತೊಳೆದು, ಆಮೇಲೆ ನಾಯಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಉಚ್ಚೆಯ ವಾಸನೆಯನ್ನು ಮುಚ್ಚದೆ ಒಡೆದು ತೆಗೆಯುವ ಎನ್‌ಜೈಮ್ ಕ್ಲೀನರ್ ಹಾಕಿ ಸ್ವಲ್ಪ ಹೊತ್ತು ಬಿಡಿ. ಅದು ಸಿಗದಿದ್ದರೆ ಅರ್ಧ ನೀರು ಅರ್ಧ ಬಿಳಿ ವಿನೆಗರ್. ಮಾರ್ಬಲ್, ಕಡಪ ಕಲ್ಲಿನ ನೆಲಕ್ಕೆ ಮಾತ್ರ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಉಚ್ಚೆ ಮೇಲೆ ಬ್ಲೀಚಿಂಗ್ ಪೌಡರ್ ಕೂಡ ಹಾಕಬೇಡಿ. ಎರಡೂ ಸೇರಿ ಏಳುವ ಹೊಗೆ ಗಂಟಲು ಕೆರೆಯುತ್ತದೆ.

ಯಾರದ್ದು ಅಂತ ಗೊತ್ತಾಗದಿದ್ದರೆ? ಕಕ್ಕದ ವಿಷಯದಲ್ಲಿ ಸುಲಭದ ಉಪಾಯ ಇದೆ. ಒಬ್ಬನ ಊಟಕ್ಕೆ ಮಾತ್ರ ಹಸಿ ಕ್ಯಾರೆಟ್ ತುರಿದು ಹಾಕಿ, ಮರುದಿನ ಅದು ಹಾಗೇ ಕೆಂಪಗೆ ಕಾಣುತ್ತದೆ. ಉಚ್ಚೆಗೆ ಅಂಥ ಗುರುತಿಲ್ಲ, ಅದಕ್ಕೇ ಬೇರೆ ಬೇರೆ ಇಡಿ ಅಂದದ್ದು. ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿ ಇಬ್ಬರ ಹೆಸರಿನ ಕೆಳಗೂ ಯಾವಾಗ ಏನಾಯಿತು ಬರೆಯುತ್ತಾ ಹೋಗಿ. ಕೆಲವು ದಿನದಲ್ಲಿ ಅವರವರ ಹೊತ್ತು ಕಾಣಿಸಿಕೊಳ್ಳುತ್ತದೆ.

ಊಟಕ್ಕೂ ಹೊತ್ತು ಇರಬೇಕು, ಯಾವಾಗ ತಿನ್ನುತ್ತವೋ ಅದರ ಮೇಲೆ ಯಾವಾಗ ಹೋಗುತ್ತವೆ ಅನ್ನುವುದು ನಿಂತಿದೆ. ಈ ವಯಸ್ಸಿಗೆ ದಿನಕ್ಕೆ ಮೂರು ಸಲ, ಆರು ತಿಂಗಳ ಮೇಲೆ ಎರಡು ಸಲ. ಬೇರೆ ಬೇರೆ ಕೋಣೆ, ಬೇರೆ ಬೇರೆ ತಟ್ಟೆ, ಇಪ್ಪತ್ತು ನಿಮಿಷ ಆದ ಮೇಲೆ ಉಳಿದದ್ದನ್ನು ಎತ್ತಿಬಿಡಿ. ಒಂದೇ ತಟ್ಟೆಗೆ ಇಬ್ಬರನ್ನೂ ಬಿಟ್ಟರೆ ಜೋರಿನವನು ಎರಡು ಪಾಲು ತಿಂದು ಭೇದಿ ಮಾಡಿಕೊಳ್ಳುತ್ತಾನೆ, ಇನ್ನೊಬ್ಬಳು ಗುರ್ ಅನ್ನಲು ಕಲಿಯುತ್ತಾಳೆ. ನಮ್ಮ ಮಿಕ್ಕ ಸಾರು ಹುಳಿ ಹಾಕಬೇಡಿ, ಅದರಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಪಾಯಸದ ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೂಡ ಬೇಡ. ಬರೀ ಮೊಸರನ್ನವೂ ಬೆಳೆಯುವ ಮರಿಗೆ ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ನೀರನ್ನು ಮಾತ್ರ ಕಟ್ಟಬೇಡಿ, ಉಚ್ಚೆ ಕಡಿಮೆ ಆಗಲಿ ಅಂತ ಬೇಸಿಗೆಯಲ್ಲಿ ಬಟ್ಟಲು ಎತ್ತಿಡುವವರಿದ್ದಾರೆ, ಅದು ಕ್ರೂರ.

ಅಣ್ಣ ತಂಗಿ ಮರಿಗಳನ್ನು ಒಟ್ಟಿಗೆ ತಂದರೆ ಕೆಟ್ಟೇ ಹೋಗುತ್ತವೆ ಅಂತ ಹೆದರಿಸುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆದರೆ ಇಡೀ ದಿನ ಒಂದಕ್ಕೊಂದು ಅಂಟಿಕೊಂಡಿದ್ದರೆ ಅವಕ್ಕೆ ನಿಮ್ಮ ಅಗತ್ಯವೇ ಬೀಳುವುದಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುವುದಿಲ್ಲ. ದಿನಕ್ಕೆ ಎರಡು ಸಲ ಐದೈದು ನಿಮಿಷ ಒಬ್ಬೊಬ್ಬರ ಜೊತೆ ಕೂತು ಹೆಸರು, ಕೂರು, ಬಾ, ಇಷ್ಟನ್ನು ತಿಂಡಿ ಕೊಟ್ಟು ಕಲಿಸಿ. ಆಗ ಇನ್ನೊಬ್ಬ ಬೇರೆ ಕೋಣೆಯಲ್ಲಿ ಕುಂಯ್ ಅಂತಾನೆ. ಅವನಿಗೆ ಕಡಿಯಲು ಏನಾದರೂ ಕೊಟ್ಟಿರಿ. ಎರಡು ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸಿದರೆ ಒಬ್ಬರನ್ನು ಬಿಟ್ಟು ಒಬ್ಬರು ಇರುವುದು ರೂಢಿಯಾಗುತ್ತದೆ. ಮುಂದೆ ಒಂದನ್ನು ಆಸ್ಪತ್ರೆಗೆ ಒಯ್ದಾಗ ಇದರ ಬೆಲೆ ತಿಳಿಯುತ್ತದೆ.

ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು 42 ಹಲ್ಲು ಬರುತ್ತವೆ. ಆಗ ಚಪ್ಪಲಿ, ಚಾರ್ಜರ್ ವೈರು ಎಲ್ಲ ಮೇಲಿಡಿ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಒಸಡಿಗೆ ಹಿತ. ಅದನ್ನು ಕಡಿಯುವಾಗ ನೋಡುತ್ತಿರಿ, ಹರಿದು ನುಂಗಬಾರದು. ಇಬ್ಬರೂ ಉರುಳಾಡಿ ಕಚ್ಚಾಡುವುದು ಆಟ, ಒಮ್ಮೆ ಇವನು ಕೆಳಗೆ ಒಮ್ಮೆ ಅವಳು ಕೆಳಗೆ ಇದ್ದರೆ ಬಿಟ್ಟುಬಿಡಿ. ಒಂದೇ ಮರಿ ಯಾವಾಗಲೂ ಕೆಳಗೆ ಬಿದ್ದು ತಪ್ಪಿಸಿಕೊಳ್ಳಲು ನೋಡುತ್ತಿದ್ದರೆ ಬೇರೆ ಮಾಡಿ. ನಡುವೆ ಕೈ ಹಾಕಬೇಡಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಹಾಕಿಸಿರಬೇಕು. ಅದಾಗದ ನಾಯಿಯ ಹಲ್ಲು ತಾಗಿ ಗಾಯವಾದರೆ ನಲ್ಲಿ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಎಲ್ಲ ಉಚ್ಚೆಯೂ ಕಲಿಸದೇ ಇದ್ದದ್ದರಿಂದ ಬರುವುದಲ್ಲ. ನೆಂಟರು ಬಂದು ಬಗ್ಗಿ ತಲೆ ಸವರಿದಾಗ ಚುಕ್ಕಿ ಕಿವಿ ಮಡಚಿ, ಅಂಗಾತ ಬಿದ್ದು ಒಂದು ಹನಿ ಬಿಟ್ಟರೆ ಅದು ಅಂಜಿಕೆ. ಬೈದರೆ ಹೆಚ್ಚಾಗುತ್ತದೆ. ಬಂದವರು ಅವಳ ಕಡೆ ನೋಡದೆ ಕೂರಲಿ, ಅವಳೇ ಬರುತ್ತಾಳೆ. ಕಲಿತ ನಾಯಿ ಇದ್ದಕ್ಕಿದ್ದ ಹಾಗೆ ಪದೇ ಪದೇ ಹನಿಹನಿ ಮಾಡಿದರೆ, ಮುಕ್ಕಿದರೆ, ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಿ. ಬೀದಿ ಮರಿಗಳಿಗೆ ಹೊಟ್ಟೆಹುಳ ಇದ್ದೇ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಜಂತುಹುಳದ ಔಷಧಿ ತಪ್ಪಿದರೆ ಕಕ್ಕ ತಡೆಯಲು ಅವಕ್ಕೂ ಆಗುವುದಿಲ್ಲ.

ಎರಡು ವಾರ ಒಳಗೆ ಏನೂ ಆಗಲಿಲ್ಲ ಅಂದರೆ ಆ ಮರಿಗೆ ಇನ್ನೊಂದು ಕೋಣೆ ತೆರೆಯಿರಿ. ಆ ಮರಿಗೆ ಮಾತ್ರ. ಚುಕ್ಕಿ ಬೇಗ ಕಲಿತಳು ಅಂತ ಕೆಂಚನಿಗೂ ಬಿಟ್ಟುಕೊಡಬೇಡಿ. ಆರೇಳು ತಿಂಗಳಾಗುವಾಗ ಕೆಂಚ ಕಾಲೆತ್ತಿ ಸೋಫಾದ ಕಾಲಿಗೆ ನಾಲ್ಕು ಹನಿ ಹಾಕಲು ಶುರು ಮಾಡಬಹುದು, ಆಗ ಮತ್ತೆ ಕೆಲವು ದಿನ ಹಗ್ಗಕ್ಕೆ ವಾಪಸ್. ಚುಕ್ಕಿ ಬೆದೆಗೆ ಬರುವುದೂ ಹೆಚ್ಚುಕಡಿಮೆ ಆಗಲೇ, ನಾಯಿಗಳಿಗೆ ಅಣ್ಣ ತಂಗಿ ಅಂತ ಇಲ್ಲ. ಹಾಗಾಗಿ ಐದು ತಿಂಗಳಾಗುವ ಹೊತ್ತಿಗೇ ಡಾಕ್ಟರ ಹತ್ತಿರ ಮಾತಾಡಿ ಇಬ್ಬರ ಆಪರೇಷನ್‌ಗೂ ದಿನ ಗೊತ್ತು ಮಾಡಿಟ್ಟುಕೊಳ್ಳಿ.