ಪೂರ್ತಿ ಕಿಟ್ ಬೇಕಾಗಲಿಲ್ಲ: ನನ್ನ ಬೋಟಿನ ಹೈಡ್ರಾಲಿಕ್ ಸ್ಟಿಯರಿಂಗ್ ರಿಪೇರಿ

ಸ್ಟಿಯರಿಂಗ್ ಸಿಲಿಂಡರಿಗೆ ಹೊಸ ರಾಡು ಮಾಡಿಸಿ ಹಾಕಿದ ಮೇಲೆ ಒಂದು ಸೀಸನ್ ಪೂರ್ತಿ ಮುಗಿಯಿತು. ಅಕ್ಟೋಬರಿನಿಂದ ಮೇ ತನಕ ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ನವರನ್ನು ಕರೆದುಕೊಂಡು ಓಡಿದ್ದೇನೆ. ಸಿಲಿಂಡರಿನ ಕೆಳಗೆ ಒಂದು ಹನಿ ಆಯಿಲ್ ಬಿದ್ದಿಲ್ಲ. "ಲೇತಿನಲ್ಲಿ ಮಾಡಿಸಿದ ರಾಡು ತಿಂಗಳೂ ಬರಲ್ಲ ಮಾರಾಯ" ಅಂದವರೇ ಈಗ ಫೋನ್ ಮಾಡಿ ಸೀಲ್ ಸೈಜ್ ಕೇಳುತ್ತಾರೆ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನದು 115 ಎಚ್‌ಪಿಯ ಜೋಡಿ ಎಂಜಿನ್ ಇರುವ ಬೋಟ್. ಒಂದು ಓಬಿಎಂಗೆ (ಬೋಟಿನ ಹಿಂದೆ ಹೊರಗೆ ಕೂರುವ ಎಂಜಿನ್) ಮುಂಭಾಗದಲ್ಲಿ ಕೂರುವ ಫ್ರಂಟ್ ಮೌಂಟ್ ಸಿಲಿಂಡರ್, ಇನ್ನೊಂದನ್ನು ಅದಕ್ಕೆ ಜೋಡಿಸಲು ಟೈ ಬಾರ್. ಗ್ಲಾಂಡಿನಿಂದ, ಅಂದರೆ ರಾಡು ಹೊರಬರುವ ಕಡೆಯ ಸೀಲ್ ಇರುವ ಮುಚ್ಚಳದಿಂದ, ಆಯಿಲ್ ಜಿನುಗುತ್ತಿತ್ತು. ವಾರಕ್ಕೊಮ್ಮೆ ಹೆಲ್ಮ್‌ಗೆ (ಸ್ಟಿಯರಿಂಗ್ ವೀಲಿನ ಹಿಂದಿನ ಪಂಪ್) ಆಯಿಲ್ ತುಂಬಬೇಕಿತ್ತು. ಗಾಳಿ ಎದ್ದ ದಿನ ಬೋಟ್ ನೇರ ಹೋಗುತ್ತಿರಲಿಲ್ಲ. ಒಬ್ಬ ಡೀಲರ್ ಹತ್ತಿರ ಕೇಳಿದೆ. ಬಿಡಿ ಸಾಮಾನು ಕೊಡಲ್ಲ, ಪೂರ್ತಿ ಕಿಟ್ಟೇ ತಗೊಳ್ಳಿ ಅಂದರು. ಡ್ಯೂಟಿ, ಸಾಗಣೆ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ. ಒಂದು ರಬ್ಬರ್ ರಿಂಗ್ ಹೋದದ್ದಕ್ಕೆ ಹೆಲ್ಮ್, ಹೋಸು, ಸಿಲಿಂಡರ್ ಎಲ್ಲ ಯಾಕೆ ಎಸೆಯಬೇಕು ಹೇಳಿ?

ಮೊದಲು ಹೆಲ್ಮ್ ಕೆಟ್ಟಿದೆಯೋ ಸಿಲಿಂಡರ್ ಕೆಟ್ಟಿದೆಯೋ ಅಂತ ಬೇರೆ ಮಾಡಿಕೊಳ್ಳಿ. ಇದನ್ನು ಮಾಡದೆ ಹೆಲ್ಮ್ ಬದಲಿಸಿ ದುಡ್ಡು ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ಹೆಲ್ಮ್ ಹಿಂದೆ ಹೋಸ್ ಸೇರುವ ಎರಡೂ ಪೋರ್ಟಿಗೆ ಗಟ್ಟಿ ಪ್ಲಗ್ ಹಾಕಿ ವೀಲ್ ತಿರುಗಿಸಿ. ಬಿಗಿಯಾಗಿ ನಿಂತರೆ ಹೆಲ್ಮ್ ಚೆನ್ನಾಗಿದೆ. ಆಗಲೂ ಜಾರುತ್ತಾ ತಿರುಗಿದರೆ ಅದರೊಳಗೇ ಲೀಕ್. ನನ್ನದು ಕಲ್ಲಿನ ಹಾಗೆ ನಿಂತಿತು. ಅಲ್ಲಿಗೇ ಅರ್ಧ ದುಡ್ಡು ಉಳಿಯಿತು.

ಎಲ್ಲರೂ ಮಾಡುವ ಹಾಗೆ ಬರೀ ಸೀಲ್ ಬದಲಿಸಿ ನೋಡಿದೆ. ಏಳೆಂಟು ನೂರು ರೂಪಾಯಿ ಖರ್ಚು. ಕೆಲವು ವಾರ ಸುಮ್ಮನಿತ್ತು, ಆಮೇಲೆ ಮತ್ತೆ ಹನಿ. ರಾಡನ್ನು ಬಿಸಿಲಿಗೆ ಹಿಡಿದು ಉಗುರಿನಲ್ಲಿ ಎಳೆದರೆ ಸಣ್ಣ ಸಣ್ಣ ಗುಳಿ ಸಿಗುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ಆಡದ ಕಡೆ ಉಪ್ಪುನೀರು ನಿಂತರೆ ಹೀಗಾಗುತ್ತದೆ. ರಾಡನ್ನು ಒರೆಸುವ ಹೊರಗಿನ ರಿಂಗ್, ಅಂದರೆ ವೈಪರ್ ಅಡಿಯಲ್ಲೇ ಜಾಸ್ತಿ. ಅಂಥ ರಾಡಿನ ಮೇಲೆ ಎಷ್ಟು ಒಳ್ಳೆ ಸೀಲ್ ಕೂರಿಸಿದರೂ ಅದರ ತುಟಿ ಹರಿಯುತ್ತದೆ.

ಮುಂದಿನ ಪ್ರಯತ್ನ ಜೆಸಿಬಿಗೆ ಹಾಕುವಂಥ ರಾಡು. ಒಂದು ಲೇತಿನವರು ಮೇಲೆ ಹಾರ್ಡ್ ಕ್ರೋಮ್ ಪದರ ಹಾಕಿದ, ಇಎನ್8 ಅನ್ನುವ ಸಾದಾ ಉಕ್ಕಿನ ರಾಡು ಮಾಡಿಕೊಟ್ಟರು. ಕನ್ನಡಿ ತರ ಹೊಳೆಯುತ್ತಿತ್ತು. ಎರಡು ಸಾವಿರ ಚಿಲ್ಲರೆ. ಮಣ್ಣಿನ ಕೆಲಸಕ್ಕೆ ಅದು ಸರಿ, ಸಮುದ್ರಕ್ಕಲ್ಲ. ಕ್ರೋಮಿನ ಸಣ್ಣ ಬಿರುಕಿನೊಳಗೆ ನೀರು ಇಳಿದು ಕೆಳಗಿನ ಕಬ್ಬಿಣ ತುಕ್ಕು ಹಿಡಿಯಿತು. ಮೇಲಿನ ಪದರ ಗುಳ್ಳೆ ಎದ್ದು ಸೀಲನ್ನೂ ತಿಂದು ಹಾಕಿತು.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಇದು ನನಗೆ ಬಹಳ ಖುಷಿ ಕೊಟ್ಟ ಕೆಲಸ. 304 ಮತ್ತು 316, ಎರಡೂ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ತುಂಡುಗಳಿಗೆ ಬಿಗಿಯಾಗಿ ಓ-ರಿಂಗ್ (ರಬ್ಬರ್ ಬಳೆ) ಹಾಕಿ ಜೆಟ್ಟಿಯ ಕೆಳಗೆ ಹಗ್ಗದಲ್ಲಿ ಇಳಿಬಿಟ್ಟೆ. ಅರ್ಧ ನೀರಿನಲ್ಲಿ, ಅರ್ಧ ಮೇಲೆ. ತಿಂಗಳುಗಟ್ಟಲೆ ಬಿಟ್ಟು ರಿಂಗ್ ಸರಿಸಿ ನೋಡಿದರೆ 304ರಲ್ಲಿ ರಿಂಗಿನ ಅಡಿ ಕಂದು ಗೆರೆ, ಗುಳಿ. 316ರಲ್ಲಿ ಬರೀ ಮಬ್ಬು, ಉಜ್ಜಿದರೆ ಹೋಯಿತು. ಕೆಲವರು 304 ಕೊಟ್ಟು 316 ಅನ್ನುತ್ತಾರೆ. ಆಯಸ್ಕಾಂತದಲ್ಲಿ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. 316ರಲ್ಲಿ ಸೇರಿಸಿರುವ ಮಾಲಿಬ್ಡಿನಮ್ ಲೋಹವನ್ನು ತೋರಿಸುವ ಟೆಸ್ಟ್ ದ್ರವ ಸಿಗುತ್ತದೆ. ಒಂದು ಹನಿ ಬಿಟ್ಟು ನೋಡಿಯೇ ದುಡ್ಡು ಕೊಡಿ.

ಮಂಗಳೂರಿನ ಬೈಕಂಪಾಡಿಯಲ್ಲಿ 316ರ ರಾಡು ತಗೊಂಡು ಗ್ರೈಂಡಿಂಗ್, ಪಾಲಿಶ್ ಮಾಡಿಸಿದೆ. ಸುಮಾರು ಐದು ಸಾವಿರ ಆಯಿತು. ಬರೀ ಲೇತ್ ಫಿನಿಶ್ ಸಾಲದು, ಗ್ರೈಂಡಿಂಗ್ ಆಗಲೇಬೇಕು. ತುದಿಯ ಥ್ರೆಡ್ ಹತ್ತಿರ ಚೂಪು ಅಂಚು ಇರಬಾರದು. ಇದ್ದರೆ ಹೊಸ ಸೀಲ್ ಹಾಕುವಾಗಲೇ ಕೊಯ್ದುಬಿಡುತ್ತದೆ. ನಾನು ಥ್ರೆಡ್ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಗ್ರೀಸ್ ಹಚ್ಚಿ ದಾಟಿಸುತ್ತೇನೆ. ಹಳೆ ಪಿಸ್ಟನ್ನನ್ನು ಹೊಸ ರಾಡಿಗೆ ಹೇಗೆ ಕೂರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಸಡಿಲವಾದರೆ ನಡುಸಮುದ್ರದಲ್ಲಿ ಸ್ಟಿಯರಿಂಗೇ ಇರಲ್ಲ. ಅಷ್ಟು ಕಷ್ಟಪಟ್ಟು ಕಂಡುಕೊಂಡದ್ದು ಸದ್ಯ ನನ್ನ ಹತ್ತಿರವೇ ಇರಲಿ.

ಗ್ಲಾಂಡ್ ಬಿಚ್ಚುವಾಗ ಗ್ಯಾಸ್ ಬೆಂಕಿ ಹಿಡಿಯಬೇಡಿ. ಬಾಡಿ ಅಲ್ಯೂಮಿನಿಯಂ. ಹಾಟ್ ಏರ್ ಗನ್ ಸಾಕು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಟಿಲ್ಟ್ ಟ್ಯೂಬಿನೊಳಗಿನ (ಎಂಜಿನ್ ಎತ್ತುವಾಗ ತಿರುಗುವ ಕೊಳವೆ) ಸಪೋರ್ಟ್ ರಾಡು ಮಾತ್ರ ಸಿಲಿಂಡರಿಗಿಂತ ಜಾಸ್ತಿ ಕಾಟ ಕೊಟ್ಟಿತು. ಹಳೆ ಗ್ರೀಸ್, ಉಪ್ಪು ಸೇರಿ ಗಟ್ಟಿಯಾಗಿತ್ತು. ಹೊರಗೆ ತೆಗೆದ ಮೇಲೆ ತಾಮ್ರದ ತಂತಿಯ ಬ್ರಶ್ ಹಾಕಿ ಉಜ್ಜಿ, ಮೆರೀನ್ ಗ್ರೀಸ್ ತುಂಬಿದೆ. ಬಿಚ್ಚಿದ ನೈಲಾಕ್ ನಟ್ (ಒಳಗೆ ನೈಲಾನ್ ರಿಂಗ್ ಇರುವ ನಟ್) ಮತ್ತೆ ಹಾಕಬೇಡಿ. ಅದರಲ್ಲಿ ಉಳಿಸುವ ಇಪ್ಪತ್ತು ರೂಪಾಯಿ ಯಾರಿಗೂ ಬೇಡ.

ಹೋಸಿನದ್ದು ಬೇರೆ ಕಥೆ. ಜೆಸಿಬಿಗೆ ಹಾಕುವ ಆರ್1 ದರ್ಜೆಯ ಹೋಸು ಒತ್ತಡ ಧಾರಾಳ ತಡೆಯುತ್ತದೆ. ಆದರೆ ಒಳಗೆ ಉಕ್ಕಿನ ತಂತಿ. ಕ್ರಿಂಪ್ (ಫಿಟ್ಟಿಂಗ್ ಒತ್ತಿ ಕೂರಿಸಿದ ಜಾಗ) ಹತ್ತಿರ ನೀರು ಇಳಿದರೆ ತುಕ್ಕು. ಎಂಜಿನ್ ಎತ್ತಿದಾಗ ಬಾಗುವುದೂ ಕಷ್ಟ. ಆರ್7 ಹಾಕಿಸಿ, ಕಾಲು ಇಂಚಿನದ್ದು. ಅದರಲ್ಲಿ ತಂತಿಯ ಬದಲು ನೂಲಿನ ಹೆಣಿಗೆ ಇರುತ್ತದೆ. ಫಿಟ್ಟಿಂಗ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಜೋಡಿಗೆ ಆರು ಸಾವಿರದ ಆಸುಪಾಸು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಬೇಡವೇ ಬೇಡ. ಚೂರು ಹರಿದು ಹೆಲ್ಮಿನ ಚೆಕ್ ವಾಲ್ವಿನಲ್ಲಿ (ಆಯಿಲ್ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಕೂತರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಲಿಕ್ವಿಡ್ ಸೀಲಂಟ್ ಹಚ್ಚಿ.

ಆಯಿಲಿನಲ್ಲೂ ಆಟ ಆಡಿದ್ದೇನೆ. 32 ಗ್ರೇಡಿನ (ನಂಬರ್ ಕಡಿಮೆಯಾದಷ್ಟು ಆಯಿಲ್ ತೆಳು) ಹೈಡ್ರಾಲಿಕ್ ಆಯಿಲ್ ಹಾಕಿದರೆ ಕೆಲಸ ಆಗುತ್ತದೆ, ಆದರೆ ಬೆಳಿಗ್ಗೆ ವೀಲ್ ಭಾರ. 15 ಗ್ರೇಡ್ ಹಾಕಿದಾಗ ಬೆರಳಲ್ಲಿ ತಿರುಗಿತು. ವಿಮಾನದ ಕೆಂಪು ಆಯಿಲ್ 5606 ಸಿಕ್ಕರೆ ಇನ್ನೂ ಒಳ್ಳೆಯದು. ಬ್ರೇಕ್ ಆಯಿಲ್ ಮಾತ್ರ ಎಂಥ ತುರ್ತಿನಲ್ಲೂ ಹಾಕಬೇಡಿ. ನೈಟ್ರೈಲ್ ರಬ್ಬರಿನ ಸೀಲ್ ಉಬ್ಬಿ ಹಾಳಾಗುತ್ತದೆ.

ಬ್ಲೀಡಿಂಗ್, ಅಂದರೆ ಒಳಗಿನ ಗಾಳಿ ತೆಗೆಯುವುದು, ಎಲ್ಲರಿಗೂ ಗೊತ್ತು, ಆದರೂ ಒಂದು ಮಾತು. ಫ್ರಂಟ್ ಮೌಂಟಿನಲ್ಲಿ ರಾಡು ನಿಂತಿರುತ್ತದೆ, ಸಿಲಿಂಡರಿನ ಬಾಡಿ ಓಡಾಡುತ್ತದೆ ಅಲ್ವಾ? ಗಾಳಿ ಬಿಡುವ ನಿಪ್ಪಲ್ ಬಿಚ್ಚಿದಾಗ ಒಬ್ಬರು ಬಾಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲೇಬೇಕು. ಇಲ್ಲದಿದ್ದರೆ ಅದು ವಾಪಸ್ ಸರಿದು ಗಾಳಿ ಒಳಗೇ ಉಳಿಯುತ್ತದೆ. ಹೆಲ್ಮ್ ಮೇಲೆ ತಲೆಕೆಳಗಾಗಿ ಹಾಕಿದ ಆಯಿಲ್ ಬಾಟಲಿ ಖಾಲಿಯಾಗಲು ಬಿಡಬೇಡಿ. ದೊಡ್ಡ ಸಿರಿಂಜಿನಲ್ಲಿ ಸಿಲಿಂಡರ್ ಕಡೆಯಿಂದ ಮೇಲಕ್ಕೆ ಆಯಿಲ್ ತಳ್ಳಿಯೂ ನೋಡಿದೆ. ಚೆಕ್ ವಾಲ್ವ್ ಬಿಡುವುದಿಲ್ಲ, ಬರೀ ಸಮಯ ಹಾಳು. ಕೊನೆಗೆ ವೀಲನ್ನು ಪೂರ್ತಿ ತಿರುಗಿಸಿ ಒತ್ತಿ ಹಿಡಿಯಿರಿ. ಹೆಲ್ಮಿನಲ್ಲಿ ಆಯಿಲ್ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದರೆ ಗಾಳಿ ಇನ್ನೂ ಇದೆ.

ನೀರಿಗೆ ಇಳಿಸುವ ಮೊದಲು ಹೋಸ್ ಅಂಗಡಿಯ ಕೈ ಪಂಪಿನಲ್ಲಿ ಸಿಲಿಂಡರಿಗೆ 70 ಬಾರ್ ಕೊಟ್ಟು ರಾತ್ರಿ ಬಿಟ್ಟಿದ್ದೆ. ಇಂಥ ಹೆಲ್ಮಿನ ರಿಲೀಫ್ ವಾಲ್ವ್ ಹೆಚ್ಚಿನ ಒತ್ತಡವನ್ನು ಹೊರಬಿಡುವುದೂ ಅಷ್ಟರಲ್ಲೇ, 1000 ಪಿಎಸ್‌ಐ ಹತ್ತಿರ. ಬೆಳಿಗ್ಗೆ ಗೇಜಿನ ಮುಳ್ಳು ಇದ್ದಲ್ಲೇ ಇತ್ತು. ಆಗ ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ ಮೊದಲ ಸಲ ತಲೆ ಆಡಿಸಿದರು.

ಕೈಕೊಟ್ಟ ಕ್ರೋಮ್ ರಾಡು, ಹಾಳಾದ ಸೀಲು, ಮಂಗಳೂರಿಗೆ ಓಡಾಡಿದ ಡೀಸೆಲ್ ಎಲ್ಲ ಸೇರಿಸಿದರೂ ಇಪ್ಪತ್ತೈದು ಸಾವಿರ ದಾಟಿಲ್ಲ.

ಬಿಡಿ ಸೀಲ್ ಕಿಟ್ ಹುಡುಕುವವರಿಗೆ ಒಂದು ಸಂಗತಿ. ಇಂಥ ಸ್ಟಿಯರಿಂಗ್ ಮಾಡುವ ಕಂಪನಿ, ಟೆಲಿಫ್ಲೆಕ್ಸ್ ಹೆಸರಿನಲ್ಲಿದ್ದದ್ದು ಸೀಸ್ಟಾರ್ ಆಯಿತು, 2017ರಲ್ಲಿ ಡೊಮೆಟಿಕ್ ಕೈಗೆ ಹೋಯಿತು. ಮೂರೂ ಹೆಸರಿನಲ್ಲಿ ಕೇಳಿ ನೋಡಿ. ಸಿಗದಿದ್ದರೆ ಹೈಡ್ರಾಲಿಕ್ ಅಂಗಡಿಗೆ ಹೋಗಿ. ಹಳೆ ಸೀಲ್ ಅಳೆದು ಸೈಜ್ ಹೇಳಬೇಡಿ, ಅದು ಉಬ್ಬಿರುತ್ತದೆ. ಗ್ಲಾಂಡನ್ನೇ ತಗೊಂಡು ಹೋಗಿ, ಅದರೊಳಗಿನ ಗ್ರೂವನ್ನು ವರ್ನಿಯರ್ ಹಾಕಿ ಅಳೆಸಿ.