ಎರಡು ತೆಂಗಿನಕಾಯಿ ಯಾಕೆ ಹತ್ತಿರ ಬರುವುದಿಲ್ಲ?

ನಾನು ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಗುರುತ್ವಾಕರ್ಷಣೆಯ ಪಾಠ ನಡೆಯುತ್ತಿತ್ತು. ಎಲ್ಲ ವಸ್ತುಗಳೂ ಒಂದನ್ನೊಂದು ಎಳೆಯುತ್ತವೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಮಾಷ್ಟ್ರೇ, ನಮ್ಮ ಅಂಗಳದಲ್ಲಿ ಸುಲಿದ ತೆಂಗಿನಕಾಯಿ ಬಿದ್ದಿರ್ತದೆ. ಒಂದೂ ಇನ್ನೊಂದರ ಹತ್ತಿರ ಬರುವುದಿಲ್ವಲ್ಲ?"

ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಒಂದೊಂದು ಕಾಯಿ 600 ಗ್ರಾಂ. ಒಂದಕ್ಕೊಂದು ತಾಗಿಸಿ ಇಟ್ಟರೆ ನಡುವಿಂದ ನಡುವಿಗೆ 12 ಸೆಂಟಿಮೀಟರ್. ಅವುಗಳ ನಡುವಿನ ಎಳೆತ ಎಷ್ಟು ಗೊತ್ತಾ? 2 ಮಿಲಿಗ್ರಾಮಿನ ಒಂದು ಸಾಸಿವೆ ಕಾಳನ್ನು 12,000 ಚೂರು ಮಾಡಿದರೆ ಒಂದು ಚೂರಿನ ತೂಕ ಎಷ್ಟೋ, ಅಷ್ಟು. ಅದೇ ಕಾಯಿಯನ್ನು ಭೂಮಿ ಎಳೆಯುವುದು ಇದರ ಸುಮಾರು 350 ಕೋಟಿ ಪಟ್ಟು. ಭೂಮಿಯ ಆ ಎಳೆತದಿಂದ ಕಾಯಿ ನೆಲಕ್ಕೆ ಒತ್ತಿ ಕೂತಿರುತ್ತದೆ. ಅದನ್ನು ಅಲ್ಲಾಡದಂತೆ ಹಿಡಿಯಲು ಒಂದು ಮಣ್ಣಿನ ಹರಳು, ಒಂದು ನಾರು ಸಾಕು. ಬೇರೆ ಯಾವುದರ ಎಳೆತವೂ ಇಲ್ಲದ ಬಾಹ್ಯಾಕಾಶದಲ್ಲಿ ಅರ್ಧ ಮೀಟರ್ ದೂರದಲ್ಲಿ ಬಿಟ್ಟರೆ ಅವೆರಡೂ ತಾವಾಗಿಯೇ ಬಂದು ತಾಗುತ್ತವೆ. ಅದಕ್ಕೂ ಸುಮಾರು ಹನ್ನೊಂದೂವರೆ ಗಂಟೆ ಬೇಕು.

ಹುಡುಗಿ ತಲೆಯಾಡಿಸಿದಳು. ಆದರೆ ಅವಳು ನಂಬಿದ್ದು ನನ್ನನ್ನು, ಎಳೆತವನ್ನಲ್ಲ. ಇದನ್ನು ಕಣ್ಣಿಗೆ ತೋರಿಸಲೇಬೇಕು ಅಂತ ಆವತ್ತೇ ನಿಶ್ಚಯ ಮಾಡಿದೆ.

ದಾರಿ ಹಳೆಯದೇ. 1797-98ರಲ್ಲಿ ಹೆನ್ರಿ ಕ್ಯಾವೆಂಡಿಷ್ ಲಂಡನ್ನಿನ ಪಕ್ಕದ ಕ್ಲಾಪಮ್‌ನಲ್ಲಿ ಮಾಡಿದ ಪ್ರಯೋಗ. ಉಪಕರಣದ ಕಲ್ಪನೆ ಜಾನ್ ಮಿಶೆಲ್ ಎಂಬ ಪಾದ್ರಿಯದು. ಪ್ರಯೋಗ ಮಾಡುವ ಮೊದಲೇ, 1793ರಲ್ಲಿ ಅವರು ತೀರಿಕೊಂಡರು. ಒಂದು ಕೋಲಿನ ಎರಡು ತುದಿಗೆ ಸಣ್ಣ ಗುಂಡು ಕಟ್ಟಿ, ಕೋಲನ್ನು ನಡುವಿನಲ್ಲಿ ತೆಳು ತಂತಿಯಿಂದ ತೂಗುಬಿಡುವುದು. ಇದರ ಜಾಣತನ ನೋಡಿ: ಭೂಮಿಯ ಎಳೆತವನ್ನು ಪೂರಾ ತಂತಿಯೇ ಹೊರುತ್ತದೆ. ಅಡ್ಡಕ್ಕೆ ತಿರುಗಲು ಉಜ್ಜುವ ನೆಲವೇ ಇಲ್ಲ, ತಂತಿಯ ತಿರುಚು ಮಾತ್ರ ತಡೆ. ಕ್ಯಾವೆಂಡಿಷ್ ಪಕ್ಕದಲ್ಲಿಟ್ಟ ದೊಡ್ಡ ಸೀಸದ ಗುಂಡುಗಳು ಒಂದೊಂದೂ 158 ಕಿಲೋ. ಮೈಯ ಬಿಸಿಗೆ ಗಾಳಿ ಅಲುಗಾಡಬಾರದೆಂದು ಅವರು ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡುತ್ತಿದ್ದರು. ಗುಂಡಿನ ಎಳೆತವನ್ನು ಭೂಮಿಯ ಎಳೆತಕ್ಕೆ ಹೋಲಿಸಿದಾಗ ಭೂಮಿ ನೀರಿಗಿಂತ 5.48 ಪಟ್ಟು ಸಾಂದ್ರ ಎಂದು ಲೆಕ್ಕ ಬಂತು. ಇವತ್ತಿನ ಲೆಕ್ಕ 5.51. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ಕೋಣೆ ಮನೆಯ ಹಿಂದಿನ ಅಡಿಕೆ ಕೋಣೆ. ಕೆಂಪು ಕಲ್ಲಿನ ದಪ್ಪ ಗೋಡೆ, ಒಂದೇ ಸಣ್ಣ ಕಿಟಕಿ. ಮೀನಿನ ಬಲೆಗೆ ಕಟ್ಟುವ ಸೀಸ ಕರಗಿಸಿ 200 ಗ್ರಾಮಿನ ಎರಡು ಗುಂಡು ಮಾಡಿದೆ. 30 ಸೆಂಟಿಮೀಟರಿನ ಮರದ ಪಟ್ಟಿ. ಮೋಟಾರ್ ವೈಂಡಿಂಗ್ ಅಂಗಡಿಯಿಂದ ತೆಳು ತಾಮ್ರದ ತಂತಿ. ಮೊದಲಿಗೆ ಹತ್ತಿಯ ನೂಲು ಹಾಕಿದ್ದೆ. ಮಳೆಗಾಲದ ತೇವಕ್ಕೆ ಅದು ತನ್ನಷ್ಟಕ್ಕೆ ಹುರಿ ಬಿಚ್ಚುತ್ತಾ ಇತ್ತು, ಕೋಲು ಸುಮ್ನೆ ತಿರುಗುತ್ತಲೇ ಇರುತ್ತಿತ್ತು. ದೊಡ್ಡ ತೂಕಕ್ಕೆ ಅಡಿಕೆ ಅಂಗಡಿಯಲ್ಲಿ ಮೂಲೆ ಸೇರಿದ್ದ 10 ಕಿಲೋದ ಎರಡು ಕಬ್ಬಿಣದ ತೂಕದ ಕಲ್ಲು ತಂದೆ. ಕೋಲಿನ ನಡುವೆ ಚಿಕ್ಕ ಕನ್ನಡಿ, ಅದಕ್ಕೆ ಲೇಸರ್ ಬೆಳಕು, ನಾಲ್ಕು ಮೀಟರ್ ದೂರದ ಗೋಡೆಗೆ ಅಳತೆಪಟ್ಟಿ. ಗಾಳಿ ತಾಗದಂತೆ ಸುತ್ತ ಪ್ಲೈವುಡ್ ಪೆಟ್ಟಿಗೆ, ಮುಂದೆ ಗಾಜು.

ಡಿಸೆಂಬರಿನ ಒಂದು ರಾತ್ರಿ ತೂಕ ಇಟ್ಟೆ. ಬೆಳಕಿನ ಚುಕ್ಕಿ ಒಂದು ಗೇಣು ಓಡಿತು! ಕುಣಿಯುವಷ್ಟು ಖುಷಿ. ಮಲಗಿದ ಮೇಲೆ ನಿದ್ದೆ ಬರಲಿಲ್ಲ. ನನ್ನ ಲೆಕ್ಕದ ಪ್ರಕಾರ ಅದು ಓಡಬೇಕಾದದ್ದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಳಿಗ್ಗೆ ಎಲ್ಲ ಬಿಚ್ಚಿ ನೋಡಿದೆ. ಕನ್ನಡಿ ಜಾರದ ಹಾಗೆ ಒಂದು ಗುಂಡುಸೂಜಿ ಚುಚ್ಚಿದ್ದೆ. ಅದು ಅಯಸ್ಕಾಂತ ಆಗಿಬಿಟ್ಟಿತ್ತು. ಕಬ್ಬಿಣದ ತೂಕಕ್ಕೆ ದಿಕ್ಸೂಚಿಯ ಮುಳ್ಳಿನ ಹಾಗೆ ತಿರುಗಿದ್ದು ಅದು.

ಸೂಜಿ ತೆಗೆದು ಅಂಟು ಹಾಕಿದೆ. ತಂತಿಯ ಹುರಿ ಶಾಂತವಾಗಲು ಮೂರು ದಿನ ಬಿಟ್ಟೆ. ಕೋಲು ಒಮ್ಮೆ ಆ ಕಡೆ ಹೋಗಿ ಈ ಕಡೆ ಬರಲು ನಾಲ್ಕೂವರೆ ನಿಮಿಷ. ಅದು ಗಂಟೆಗಟ್ಟಲೆ ತೂಗುತ್ತದೆ, ನಿಲ್ಲುವವರೆಗೆ ಕಾಯುವಂತಿಲ್ಲ. ಎರಡು ಕೊನೆಗಳ ನಡುಬಿಂದುವನ್ನು ಗುರುತು ಹಾಕುತ್ತಾ ಹೋದೆ. ಆಮೇಲೆ ತೂಕಗಳನ್ನು ಎದುರು ಬದಿಗೆ ಬದಲಿಸಿ ಮತ್ತೆ ಗುರುತು. ಆರು ಸಲ ಬದಲಿಸಿದೆ. ಆರು ಸಲವೂ ನಡುಬಿಂದು ತೂಕ ಇದ್ದ ಕಡೆಗೇ ಸರಿಯಿತು, ಸುಮಾರು 12 ಮಿಲಿಮೀಟರ್.

ಮರುವಾರ ಮಕ್ಕಳನ್ನು ನಾಲ್ಕು ನಾಲ್ಕು ಜನರಂತೆ ಕರೆದೆ. ಎಲ್ಲರೂ ಕಿಟಕಿಯ ಹೊರಗೆ, ಮಾತಿಲ್ಲದೆ. ಆ ಹುಡುಗಿ ಚುಕ್ಕಿಯ ಮೇಲೆ ಕಣ್ಣಿಟ್ಟು ಅರ್ಧ ಗಂಟೆ ನಿಂತಳು. ಆಮೇಲೆ ಮೆಲ್ಲ ಕೇಳಿದಳು: "ಕಬ್ಬಿಣದ ಬದಲು ತೆಂಗಿನಕಾಯಿಯನ್ನೇ ಗೋಣಿ ತುಂಬಿ ಇಟ್ಟರೆ ಆಗ್ಲಿಕ್ಕಿಲ್ವಾ?"

ಅಲ್ಲೇ ಪುಸ್ತಕ ತೆಗೆದು ಲೆಕ್ಕ ಹಾಕಿದೆವು. ಗೋಣಿ 40 ಕಿಲೋ, ಅಂದರೆ ತೂಕ ನಾಲ್ಕು ಪಟ್ಟು. ಆದರೆ ಗೋಣಿ ದಪ್ಪ, ಅದರ ನಡುಭಾಗ ಮೂರು ಪಟ್ಟು ದೂರ. ಆ ದೂರಕ್ಕೆ ಎಳೆತ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೂಕ ನಾಲ್ಕು ಪಟ್ಟು ಇರುವುದರಿಂದ ಒಟ್ಟಿಗೆ ಒಂಬತ್ತರಲ್ಲಿ ನಾಲ್ಕು ಪಾಲು. ಕೋಲಿನ ಇನ್ನೊಂದು ತುದಿಯನ್ನೂ ಗೋಣಿ ಸ್ವಲ್ಪ ಎಳೆಯುತ್ತದೆ, ಅದನ್ನೂ ಕಳೆಯಬೇಕು. ಉಳಿಯುವುದು ಮೂರು-ನಾಲ್ಕು ಮಿಲಿಮೀಟರ್. ಅಷ್ಟಾದರೂ ಪಟ್ಟಿಯಲ್ಲಿ ಕಾಣುತ್ತದೆ. ಈ ಡಿಸೆಂಬರಿಗೆ ಎರಡು ಗೋಣಿ ಕಾಯಿ ಕೊಡುತ್ತೇನೆಂದು ಅವಳ ಅಜ್ಜ ಒಪ್ಪಿದ್ದಾರೆ.