ಪದ ಮೊದಲು, ವೇಷ ಆಮೇಲೆ

ಕುಂದಾಪುರದಿಂದ ಒಳಗೆ, ಘಟ್ಟದ ಬುಡದ ಊರೊಂದರಲ್ಲಿ ಯಕ್ಷಗಾನದ ಹರಕೆ ಆಟ. ನಾನು ಮಾಡಿದ ಮೊದಲ ಲೈವ್ ಅದು. ಚಿತ್ರ ಚೆನ್ನಾಗಿರಬೇಕು ಎಂದು 1080ಪಿ, 4500 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್ ಡೇಟಾ) ಇಟ್ಟಿದ್ದೆ. ನೆಟ್‌ಗೆ ಇದ್ದದ್ದು ಒಂದು 4ಜಿ ಡಾಂಗಲ್. ರಾತ್ರಿ ಹನ್ನೊಂದಕ್ಕೆ ಮುಂಬೈಯಿಂದ ಮಾವನ ಫೋನ್: "ಮಾರಾಯ, ವೇಷ ಕಾಣದಿದ್ರೂ ಅಡ್ಡಿಲ್ಲ, ಪದ ಕೇಳ್ಬೇಕಲ್ಲ!"

ನಿಜ. ಚಿತ್ರ ಎರಡು ಸೆಕೆಂಡ್ ನಿಂತರೆ ಜನ ಕಾಯುತ್ತಾರೆ. ಭಾಗವತರು ಹಾಡುವ ಪದ ನಡುವೆ ತುಂಡಾದರೆ ಮತ್ತೆ ಕೂತು ಕೇಳುವ ಮನಸ್ಸೇ ಬರುವುದಿಲ್ಲ.

ನೆಟ್ ಸ್ಲೋ ಆದಾಗ ಲೈವ್ ಕಳಿಸುವ ಸಾಫ್ಟ್‌ವೇರ್ ಒಬಿಎಸ್ ಬಿಸಾಡುವುದು ವಿಡಿಯೋ ಫ್ರೇಮ್‌ಗಳನ್ನು ಮಾತ್ರ, ಆಡಿಯೋ ಮುಟ್ಟುವುದಿಲ್ಲ. ಹಾಗಾದರೆ ಪದ ಯಾಕೆ ಕಡಿಯಿತು? ಲೈವ್ ಅನ್ನು ಸರ್ವರಿಗೆ ಒಯ್ಯುವ ಆರ್‌ಟಿಎಂಪಿ ವಿಧಾನ ಓಡುವುದು, ಡೇಟಾವನ್ನು ಕ್ರಮ ತಪ್ಪದೆ ತಲುಪಿಸುವ ಟಿಸಿಪಿ ಮೇಲೆ. ಅಲ್ಲಿ ಎಲ್ಲಕ್ಕೂ ಒಂದೇ ಸಾಲು. ಮುಂದಿರುವ ಒಂದು ಪ್ಯಾಕೆಟ್ ಕಳೆದುಹೋದರೆ, ಅದನ್ನು ಮತ್ತೆ ಕಳಿಸುವವರೆಗೆ ಹಿಂದಿನವೆಲ್ಲ ನಿಲ್ಲಬೇಕು. ದೊಡ್ಡ ಕೀಫ್ರೇಮ್ (ಇಡೀ ಚಿತ್ರ ಹೊತ್ತ ಫ್ರೇಮ್) ಹಿಂದೆ ಪುಟ್ಟ ಆಡಿಯೋ ಪ್ಯಾಕೆಟ್, ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದ ಕಾರಿನ ಹಾಗೆ. ಸಾಲೇ ಕಟ್ಟದಂತೆ ನೋಡಿಕೊಳ್ಳಬೇಕು.

ಈಗ ನನ್ನ ಲೆಕ್ಕ ಆಡಿಯೋದಿಂದ ಶುರು. ಜನ ತುಂಬಿದ ಮೇಲೇ ಅಪ್‌ಲೋಡ್ ಅಳೆಯುತ್ತೇನೆ. ಸಂಜೆ ಖಾಲಿ ಗದ್ದೆಯಲ್ಲಿ ಅಳೆದು ಪ್ರಯೋಜನವಿಲ್ಲ, ಆಮೇಲೆ ಎಲ್ಲರ ಮೊಬೈಲೂ ಅದೇ ಟವರಿಗೆ ಬರುತ್ತವೆ. ಕಳೆದ ಸಲ ಸಿಕ್ಕಿದ್ದು 1.5 ಎಂಬಿಪಿಎಸ್. ಅದರಲ್ಲಿ ಅರ್ಧ ಇಲ್ಲವೆಂದೇ ಲೆಕ್ಕ. ಉಳಿದ 750 ಕೆಬಿಪಿಎಸ್‌ನಲ್ಲಿ ಮೊದಲು 128 ಆಡಿಯೋಗೆ, ಆಮೇಲೆ 600 ವಿಡಿಯೋಗೆ. ಧ್ವನಿ ಕ್ಯಾಮೆರಾ ಮೈಕಿನದಲ್ಲ, ಸೌಂಡ್‌ನವರ ಮಿಕ್ಸರ್‌ನಿಂದ ನೇರ ಲೈನ್.

ಆಡಿಯೋ 64ಕ್ಕೆ ಇಳಿಸಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉಳಿಯುವುದು 64 ಕೆಬಿಪಿಎಸ್ ಅಷ್ಟೇ, ಹೋಗುವುದು ಚೆಂಡೆಯ ಪೆಟ್ಟಿನ ಚೂಪು. ವಿಡಿಯೋವನ್ನು 480ಪಿಗೆ ಇಳಿಸಿದೆ, ಆದರೆ 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಬಿಡಲಿಲ್ಲ. ಕುಣಿತದ ಹೆಜ್ಜೆ ಚೆಂಡೆಗೆ ಕೂಡಬೇಕು ಅಲ್ವಾ? ಕೀಫ್ರೇಮ್ 2 ಸೆಕೆಂಡಿಗೊಂದು. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಡೈನಮಿಕ್ ಬಿಟ್‌ರೇಟ್ ಆನ್. ನೆಟ್ ಬಿಗಿಯಾದಾಗ ಅದು ವಿಡಿಯೋವನ್ನಷ್ಟೇ ತಗ್ಗಿಸುತ್ತದೆ.

ಕಳೆದ ಸಲದ ಆ ಆಟದಲ್ಲಿ ರಾತ್ರಿ ಎರಡೂವರೆಗೆ, ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿಗೇ ನೆಟ್ ಕುಸಿಯಿತು. ಒಬಿಎಸ್‌ನ ಕೆಳಗಿನ ಪಟ್ಟಿಯಲ್ಲಿ ಸಂಖ್ಯೆ ಇಳಿಯುತ್ತಾ 300ರ ಹತ್ತಿರ ಬಂತು. ನಾನು ಬೇರೆ ಕಂಪನಿಯ ಸಿಮ್ ಇರುವ ಮೊಬೈಲಿಗೆ ಇಯರ್‌ಫೋನ್ ಹಾಕಿ ಕೇಳುತ್ತಾ ಕೂತಿದ್ದೆ. ಕಿರೀಟ, ಮುಖದ ಬಣ್ಣ ಎಲ್ಲ ಚೌಕ ಚೌಕವಾಗಿ ಕಲಸಿಹೋಗಿತ್ತು. ಚೆಂಡೆಯ ಒಂದು ಪೆಟ್ಟೂ ತಪ್ಪಲಿಲ್ಲ. ಬೆಳಿಗ್ಗೆ ಮಂಗಳ ಹಾಡುವವರೆಗೂ ಮಾವ ಲೈವ್‌ನಲ್ಲೇ ಇದ್ದರು.